ಒಂದು ಬೆರಳಿನಿಂದ ತೋರಿಸು

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಕನ್ನಡದಲ್ಲಿ ‘ಸೊಂಟ’ ಎನ್ನುವ ಪದ ಬಹಳ ವಿಶಾಲವಾದದ್ದು. ಬೆನ್ನಿನ ಕೆಳಭಾಗವೂ ಸೊಂಟವೇ, ಸೀರೆಯ ನೆರಿಗೆ ಸಿಕ್ಕಿಸುವ ಜಾಗವೂ ಸೊಂಟವೇ, ನೀರಿನ ಕೊಡ ಇಟ್ಟುಕೊಳ್ಳುವ ಪಕ್ಕದ ಎಲುಬೂ ಸೊಂಟವೇ. ನಮ್ಮ ಮನೆಯಲ್ಲಿ ಆಡುವ ಉರ್ದುವಿನಲ್ಲಿ ‘ಕಮರ್’ ಕೂಡ ಹೀಗೆಯೇ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವ ಪದ. ‘ಕೂಲ್ಹಾ’ ಎಂಬ ಬೇರೆ ಪದವಿದೆ, ಆದರೆ ನಮ್ಮ ಮನೆಯಲ್ಲಿ ಹಿರಿಯರ ಮುಂದೆ ಹುಡುಗಿಯರು ಅದನ್ನು ಹೇಳುವ ರೂಢಿ ಇಲ್ಲ. ಹೊಟ್ಟೆ ಮುಗಿದು ತೊಡೆ ಶುರುವಾಗುವ ಆ ಮಡಿಕೆಗೆ ಕನ್ನಡದಲ್ಲಿ ‘ತೊಡೆಸಂದು’ ಎಂಬ ಅಚ್ಚುಕಟ್ಟಾದ ಪದವಿದೆ ಎಂದು ನನಗೆ ತಿಳಿದದ್ದು ಹದಿನಾರನೇ ವಯಸ್ಸಿನಲ್ಲಿ. ಆ ಹೊತ್ತಿಗೆ ಅಲ್ಲಿ ನೋವು ಬಂದು ಮೂರು ತಿಂಗಳಾಗಿತ್ತು.

ನಾನು 1500 ಮೀಟರ್ ಓಡುವವಳು. 400 ಮೀಟರಿನ ಟ್ರ್ಯಾಕಿನಲ್ಲಿ ಮೂರು ಪೂರ್ತಿ ಸುತ್ತು, ಮೇಲೆ ಮುಕ್ಕಾಲು ಸುತ್ತು. ಪ್ರಥಮ ಪಿಯುಸಿಯಲ್ಲಿದ್ದಾಗ ತಾಲ್ಲೂಕು ಕ್ರೀಡಾಕೂಟದಲ್ಲಿ 5 ನಿಮಿಷ 52 ಸೆಕೆಂಡಿನಲ್ಲಿ ಓಡಿ ಎರಡನೆಯವಳಾಗಿ ಬಂದೆ. ಜಿಲ್ಲಾ ಕೂಟಕ್ಕೆ ಎರಡು ವಾರ ಉಳಿದಿತ್ತು. ಒಂದು ದಿನ ಬೆಳಿಗ್ಗೆ ಅಭ್ಯಾಸದಲ್ಲಿ ಐದನೇ ಸುತ್ತು ಓಡುತ್ತಿದ್ದಾಗ ಬಲಗಾಲಿನ ಮೇಲ್ಭಾಗದಲ್ಲಿ, ಮುಂದುಗಡೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಏನೋ ಎಳೆಯಿತು. ಬೀಳಲಿಲ್ಲ, ಕೂಗಲಿಲ್ಲ, ಸಿನಿಮಾದಲ್ಲಿ ಆಗುವಂಥದ್ದು ಏನೂ ಆಗಲಿಲ್ಲ. ಅದು ನಿಜವಾದ ನೋವು ಎಂದು ಗೊತ್ತಾದದ್ದು ಮರುದಿನ. ಸಲ್ವಾರ್ ತೊಡಲು ಬಲಗಾಲು ಎತ್ತಬೇಕೆಂದರೆ ಗೋಡೆ ಹಿಡಿದುಕೊಳ್ಳಬೇಕಾಯಿತು. ಬಸ್ಸಿನ ಮೊದಲ ಮೆಟ್ಟಿಲು ಬೆಟ್ಟವಾಯಿತು. ನಮಾಜಿನಲ್ಲಿ ಸಜ್ದಾದಿಂದ ಎದ್ದು ನಿಲ್ಲುವಾಗ ಅದೇ ಜಾಗದಲ್ಲಿ ಚಿಟ್ಟೆನ್ನುತ್ತಿತ್ತು.

ಮನೆಯಲ್ಲಿ ‘ಕಮರ್ ದರ್ದ್’ ಎಂದೆ. ದಾದಿ ಎಳ್ಳೆಣ್ಣೆ ಬಿಸಿ ಮಾಡಿ ನನ್ನ ಬೆನ್ನು ತಿಕ್ಕಿದರು. ಕಾಲೇಜಿನಲ್ಲಿ ‘ಸೊಂಟ ನೋವು ಸರ್’ ಎಂದೆ. ಸರ್ ಬೆನ್ನಿಗೆ ಮಾಡುವ ವ್ಯಾಯಾಮ ಹೇಳಿಕೊಟ್ಟರು. ಒಬ್ಬ ವೈದ್ಯರ ಹತ್ತಿರ ಹೋದೆವು. ಹೊರಗೆ ಸಾಲು ಉದ್ದವಿತ್ತು. ಅವರು ‘ಸ್ನಾಯು ಸೆಳೆತ’ ಎಂದು ಐದು ದಿನದ ಮಾತ್ರೆ ಬರೆದು, ಮೂರು ವಾರ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದರು. ಎಲ್ಲರೂ ನನಗೆ ಒಳ್ಳೆಯದನ್ನೇ ಬಯಸಿದ್ದರು. ನೋವು ಮಾತ್ರ ತನ್ನ ಜಾಗದಲ್ಲಿ ಹಾಯಾಗಿ ಕುಳಿತಿತ್ತು, ಏಕೆಂದರೆ ಯಾರೂ ಅದರ ಬಾಗಿಲು ತಟ್ಟಿರಲಿಲ್ಲ.

ಜಿಲ್ಲಾ ಕೂಟ ನಾನಿಲ್ಲದೆ ನಡೆದುಹೋಯಿತು. ಮೂರು ವಾರ ಪೂರ್ತಿ ಓಡಲಿಲ್ಲ. ನೋವು ಹೋಯಿತು. ನಾಲ್ಕನೇ ವಾರ ನಿಧಾನವಾಗಿ ಓಡಲು ಶುರು ಮಾಡಿದೆ, ಮೂರನೇ ದಿನ ನೋವು ವಾಪಸ್ ಬಂತು. ಮತ್ತೆ ನಾಲ್ಕು ವಾರ ವಿಶ್ರಾಂತಿ. ಮತ್ತೆ ಹೋಯಿತು, ಮತ್ತೆ ಓಡಿದೆ, ಮತ್ತೆ ಬಂತು. ಬಾಡಿಗೆ ಕೊಡದೆ, ಮನೆಯನ್ನೂ ಬಿಡದೆ ಕೂರುವ ಬಾಡಿಗೆದಾರರಂತೆ.

ಈ ಹೊತ್ತಿಗೆ ನೋವಿಗಿಂತ ದೊಡ್ಡ ಸಂಗತಿಯೊಂದು ಮನೆಯಲ್ಲಿ ನಡೆಯುತ್ತಿತ್ತು. ಅದನ್ನು ಬರೆಯದಿದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ.

ನಮ್ಮ ಮನೆಯಲ್ಲಿ ಓಡಬೇಡ ಎಂದು ಯಾರೂ ಯಾವತ್ತೂ ಹೇಳಿದವರಲ್ಲ. ನನ್ನ ಮೊದಲ ಓಟದ ಬೂಟು ಕೊಡಿಸಿದ್ದು ಅಬ್ಬಾ. ತುಂಬು ತೋಳಿನ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್, ಪಿನ್ ಬಿಚ್ಚಿಕೊಳ್ಳದ ಹಾಗೆ ಕಟ್ಟುವ ಸ್ಕಾರ್ಫ್ ಎಲ್ಲವನ್ನೂ ಹುಡುಕಿ ತಂದದ್ದು ಅಮ್ಮಿ. ಆದರೆ ನೋವು ಬಂದ ಮೇಲೆ ಎಲ್ಲರೂ ತುಂಬಾ ಮೃದುವಾದರು. “ಪರವಾಗಿಲ್ಲ ಬೇಟಾ, ಒಂದು ವರ್ಷ ಓಡಿದೆಯಲ್ಲ, ಸರ್ಟಿಫಿಕೇಟ್ ಬಂತಲ್ಲ” ಎಂದರು ದಾದಿ. “ಸಿಎ ಮಾಡಬೇಕು ಅಂತೀಯ, ಇನ್ನು ಓದಿನ ಕಡೆ ನೋಡು” ಎಂದರು ಖಾಲಾ. “ನಾಳೆ ಮದುವೆ ಮಕ್ಕಳು ಅಂತ ಆದಾಗ ಈ ಸೊಂಟ ತೊಂದರೆ ಕೊಡಬಾರದಲ್ಲ” ಎಂದು ಪಕ್ಕದ ಮನೆಯವರು ಮೆಲ್ಲಗೆ ಹೇಳಿದರು. ಯಾರ ಮಾತಿನಲ್ಲೂ ಸಿಟ್ಟಿರಲಿಲ್ಲ. ‘ಬೇಡ’ ಎಂದಿದ್ದರೆ ನಾನು ವಾದ ಮಾಡುತ್ತಿದ್ದೆ, ಅಳುತ್ತಿದ್ದೆ, ಎರಡು ದಿನ ಊಟ ಬಿಡುತ್ತಿದ್ದೆ. ಪ್ರೀತಿಯ ಜೊತೆ ವಾದ ಮಾಡುವುದು ಹೇಗೆ? ನಾನು ಓಟ ಬಿಡಬೇಕೇ ಬೇಡವೇ ಎಂಬ ಪ್ರಶ್ನೆಗೆ ನನ್ನ ಪರವಾಗಿ ನನ್ನ ಬಲಗಾಲೇ ಎಲ್ಲರಿಗೂ ಉತ್ತರ ಕೊಡುತ್ತಿತ್ತು. ಇನ್ನೂ ಎರಡು ತಿಂಗಳು ಹೀಗೇ ಕಳೆದಿದ್ದರೆ, ನಾನು ಓಟ ಬಿಟ್ಟೆ ಎಂಬುದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ನನ್ನ ಗಮನಕ್ಕೂ.

ಡಿಸೆಂಬರಿನಲ್ಲಿ ನಮ್ಮ ಕಾಲೇಜಿನ ಕಬಡ್ಡಿ ತಂಡದ ಸೀನಿಯರ್ ಒಬ್ಬಳು ನಾನು ಮೆಟ್ಟಿಲು ಹತ್ತುವುದನ್ನು ನೋಡಿ, “ಯಾಕ ಹಂಗ ಕಾಲು ಎಳೀತಿ?” ಎಂದು ಕೇಳಿದಳು. ಹೇಳಿದೆ. “ನಮ್ಮ ಊರಾಗ ಒಬ್ಬರು ಫಿಸಿಯೋಥೆರಪಿ ಮೇಡಂ ಅದಾರ. ಅವರ ಮುಂದ ನಾಚಿಕಿ ಇಲ್ಲದ ಎಲ್ಲಾ ಹೇಳಬಹುದು, ಹೋಗು” ಎಂದಳು. ಅಮ್ಮಿಯನ್ನು ಕರೆದುಕೊಂಡು ಹೋದೆ.

ಮೇಡಂ ಕೇಳಿದ ಮೊದಲ ಪ್ರಶ್ನೆ, “ನೋವು ಎಲ್ಲಿ?”

“ಸೊಂಟ, ಮೇಡಂ.”

“ಸೊಂಟ ಅಂದ್ರ ಒಂದು ಜಿಲ್ಲಾ ಇದ್ದಂಗ. ನನಗ ಊರು ಬೇಕು, ಓಣಿ ಬೇಕು, ಮನಿ ನಂಬರ್ ಬೇಕು. ಒಂದು ಬೆರಳಿನಿಂದ ತೋರಿಸು.”

ಅಂಗೈಯಿಂದ ತೋರಿಸುವುದು ಸುಲಭ. ಅಂಗೈ ಇಟ್ಟರೆ ಹೊಟ್ಟೆ, ಪಕ್ಕೆ, ತೊಡೆ ಎಲ್ಲವೂ ಅದರೊಳಗೆ ಬರುತ್ತವೆ. ಒಂದು ಬೆರಳಿಗೆ ಧೈರ್ಯ ಬೇಕು. ತೋರಿಸಿದೆ. ಅಮ್ಮಿ ಒಂದು ಕ್ಷಣ ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ ನನ್ನ ಬೆರಳನ್ನು ನೋಡಿ, “ಯೇ ಕಮರ್ ನೈ ನಾ” ಎಂದರು. ಇದು ಸೊಂಟ ಅಲ್ಲವಲ್ಲ ಎಂದು. ಮೂರು ತಿಂಗಳಲ್ಲಿ ನನ್ನ ನೋವಿನ ಬಗ್ಗೆ ಯಾರಾದರೂ ಹೇಳಿದ ಮೊದಲ ಖಚಿತವಾದ ಮಾತು ಅದು.

ಮೇಡಂ ಆಮೇಲೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಓಡುವ ಹುಡುಗಿಯರೆಲ್ಲ ಇವನ್ನು ತಿಳಿದಿರಬೇಕು. ರಾತ್ರಿ ಮಲಗಿದಾಗಲೂ ನೋಯುತ್ತದೆಯೇ? ಒಂಟಿ ಕಾಲಿನಲ್ಲಿ ಕುಪ್ಪಳಿಸಿದರೆ ಒಳಗೆ ಆಳದಲ್ಲಿ ನೋಯುತ್ತದೆಯೇ? ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯೇ? ಬೆಳಿಗ್ಗೆ ಓಡುವ ಮುಂಚೆ, ಓಡಿದ ಮೇಲೆ ಏನು ತಿನ್ನುತ್ತೀ? ನನಗೆ ಆಶ್ಚರ್ಯವಾಯಿತು, ಸ್ನಾಯುವಿಗೂ ಮುಟ್ಟಿಗೂ ಏನು ಸಂಬಂಧ? ಅವರು ವಿವರಿಸಿದರು. ತೊಡೆಸಂದಿನ ನೋವು ಯಾವಾಗಲೂ ಸ್ನಾಯುವಿನದ್ದೇ ಆಗಿರಬೇಕೆಂದಿಲ್ಲ. ತೊಡೆಯ ಎಲುಬಿನ ಕತ್ತಿನಲ್ಲಿ ಕೂದಲೆಳೆಯಂಥ ಬಿರುಕು ಬಂದರೂ ಅದೇ ಜಾಗದಲ್ಲಿ ನೋಯುತ್ತದೆ. ಓಡುವ ದೇಹಕ್ಕೆ ಬೇಕಾದಷ್ಟು ಆಹಾರ ಸಿಗದೆ ಹೋದರೆ ಮುಟ್ಟು ಏರುಪೇರಾಗುತ್ತದೆ, ಎಲುಬೂ ಬಲ ಕಳೆದುಕೊಳ್ಳುತ್ತದೆ. ಆ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಎಂಆರ್‌ಐ ಬೇಕಾಗುತ್ತದೆ. ಅದರ ಮೇಲೆ ಓಡಿದರೆ ಎಲುಬು ಪೂರ್ತಿ ಮುರಿಯುವ ಅಪಾಯವಿದೆ. ನನಗೆ ರಾತ್ರಿ ನೋವಿರಲಿಲ್ಲ, ಕುಪ್ಪಳಿಸಿದಾಗಲೂ ಇರಲಿಲ್ಲ, ಉಳಿದದ್ದೆಲ್ಲ ಸರಿಯಾಗಿತ್ತು. “ಇದರಾಗ ಒಂದು ಬದಲಾದರೂ ಓಡೋದು ಬಂದ್, ಸೀದಾ ಡಾಕ್ಟರ್ ಕಡೆ” ಎಂದು ಅಮ್ಮಿಯ ಎದುರಿಗೇ ಹೇಳಿದರು.

ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಿಯ ಮೇಲೆ ಕೈಯಿಟ್ಟು ಒತ್ತಿ, “ಮ್ಯಾಲೆ ಎತ್ತು” ಎಂದರು. ಎಡಗಾಲು ಅವರ ಕೈಯನ್ನೇ ಎತ್ತಿತು. ಬಲಗಾಲು ನಡುಗಿ ಕೆಳಗೆ ಕುಳಿತಿತು. ಮಂಚದ ತುದಿಯಲ್ಲಿ ಅಂಗಾತ ಮಲಗಿಸಿ, ಒಂದು ಮಂಡಿಯನ್ನು ಎದೆಗೆ ಅಪ್ಪಿಕೊಳ್ಳಲು ಹೇಳಿ, ಇನ್ನೊಂದು ಕಾಲು ಎಷ್ಟು ಕೆಳಗೆ ಇಳಿಬೀಳುತ್ತದೆ ಎಂದು ನೋಡಿದರು. ಕೊನೆಗೆ ನೋವಿಗೆ ಒಂದು ಹೆಸರು ಸಿಕ್ಕಿತು: ಇಲಿಯೋಸೋವಾಸ್.

ಇದು ಒಂದು ಸ್ನಾಯುವಲ್ಲ, ಎರಡರ ಜೋಡಿ. ಒಂದು, ಬೆನ್ನುಮೂಳೆಯ ಕೆಳಗಿನ ಮಣಿಗಳಿಂದ ಹೊರಟು ಹೊಟ್ಟೆಯ ಹಿಂಭಾಗದಲ್ಲಿ ಇಳಿಯುತ್ತದೆ. ಇನ್ನೊಂದು, ಕಿಬ್ಬೊಟ್ಟೆಯ ಅಗಲವಾದ ಎಲುಬಿನ ಒಳಮೈಯಿಂದ ಹೊರಡುತ್ತದೆ. ಎರಡೂ ತೊಡೆಸಂದಿನಲ್ಲಿ ಸೇರಿ, ತೊಡೆಯ ಎಲುಬಿನ ಒಳಭಾಗದ ಒಂದು ಸಣ್ಣ ಗುಬಟಿಗೆ ಹೋಗಿ ಅಂಟುತ್ತವೆ. ಮಂಡಿಯನ್ನು ಮೇಲೆತ್ತುವ ಮುಖ್ಯ ಕೆಲಸ ಇವುಗಳದ್ದೇ. ಮೆಟ್ಟಿಲು ಹತ್ತುವಾಗ, ಸಲ್ವಾರ್ ತೊಡುವಾಗ, ನೆಲದಿಂದ ಏಳುವಾಗ, ಓಟದ ಒಂದೊಂದು ಹೆಜ್ಜೆಯಲ್ಲೂ ಇವೇ ಕೆಲಸ ಮಾಡುತ್ತವೆ. ಬೆನ್ನಿನಿಂದ ಹೊರಡುವ ಸ್ನಾಯು ಎಂದ ಕೂಡಲೇ ನನಗೆ ದಾದಿ ನೆನಪಾದರು. ಅವರು ತಿಕ್ಕಿದ ಬೆನ್ನಿಗೂ ಇದಕ್ಕೂ ದೂರದ ನಂಟು ಇದೆ. ಆದರೆ ನೋವಿನ ಮನೆ ಅಲ್ಲಿರಲಿಲ್ಲ.

ವಿಶ್ರಾಂತಿಯಿಂದ ಯಾಕೆ ವಾಸಿಯಾಗಲಿಲ್ಲ ಎಂದು ಕೇಳಿದೆ. ಸ್ನಾಯುವಿನ ತುದಿ ಎಲುಬಿಗೆ ಅಂಟುವ ಜಾಗದಲ್ಲಿ ಹಗ್ಗದಂಥ ಭಾಗವಿರುತ್ತದೆ. ಅದಕ್ಕೆ ಸ್ನಾಯುವಿಗಿಂತ ಕಡಿಮೆ ರಕ್ತ ಹರಿಯುತ್ತದೆ, ಆದ್ದರಿಂದ ಅದು ನಿಧಾನವಾಗಿ ಮಾಗುತ್ತದೆ. ವಿಶ್ರಾಂತಿ ನೋವನ್ನು ಸುಮ್ಮನಾಗಿಸುತ್ತದೆ, ಬಲವನ್ನು ತರುವುದಿಲ್ಲ. ಮೂರು ವಾರ ಸುಮ್ಮನಿದ್ದ ಸ್ನಾಯು ಮೊದಲಿಗಿಂತ ದುರ್ಬಲವಾಗಿರುತ್ತದೆ, ಅದರ ಮೇಲೆ ಹಳೆಯ ಭಾರವನ್ನೇ ಹಾಕಿದರೆ ಅದು ಮತ್ತೆ ದೂರುತ್ತದೆ. ಗಾಯ ವಾಸಿಯಾಗಲು ಭಾರ ಬೇಕು. ಆದರೆ ಅದು ತೂಗಿ ಕೊಟ್ಟ ಭಾರವಾಗಿರಬೇಕು.

ಆ ದಿನ ಅವರು ಕೊಟ್ಟದ್ದು ಒಂದೇ ವ್ಯಾಯಾಮ. ಕುರ್ಚಿಯಲ್ಲಿ ಕೂತು, ಸ್ವಂತ ಕೈಯಿಂದ ಮಂಡಿಯನ್ನು ಕೆಳಗೆ ಒತ್ತಬೇಕು, ಮಂಡಿ ಮೇಲೇಳಲು ನೋಡಬೇಕು, ಎರಡೂ ಅಲ್ಲಾಡಬಾರದು. 30 ಸೆಕೆಂಡು, ಐದು ಸಲ. 1500 ಮೀಟರ್ ಓಡುವವಳಿಗೆ ಇದೊಂದು ಅವಮಾನದಂತೆ ಕಂಡಿತು. ಇದರ ಜೊತೆ ಒಂದು ನಿಯಮ: ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಬೇಕು. ವ್ಯಾಯಾಮ ಮಾಡುವಾಗ 3ರವರೆಗೆ ಬಂದರೆ ಹೆದರಬೇಕಾಗಿಲ್ಲ, ಆದರೆ ಮರುದಿನ ಬೆಳಿಗ್ಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಭಾರ ಹೆಚ್ಚಾಯಿತು ಎಂದು ಅರ್ಥ.

ವಾಣಿಜ್ಯ ವಿಭಾಗದವಳಿಗೆ ಅಂಕಿ ಕೊಟ್ಟ ಮೇಲೆ ಕೇಳಬೇಕೇ? ಅಂದು ಸಂಜೆಯೇ ಹಳೆಯ ಅಕೌಂಟೆನ್ಸಿ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಗೆರೆ ಹೊಡೆದೆ. ನಾಲ್ಕು ಕಾಲಂ: ದಿನಾಂಕ, ಮಾಡಿದ ಕೆಲಸ, ಆಗಿನ ನೋವು, ಮರುದಿನ ಬೆಳಗಿನ ನೋವು. ನಮಗೆ ಲೆಕ್ಕಶಾಸ್ತ್ರದಲ್ಲಿ ಮೊದಲು ಕಲಿಸುವುದು ಇದನ್ನೇ. ವ್ಯವಹಾರ ನಡೆದ ದಿನವೇ ನಮೂದಿಸಬೇಕು, ನೆನಪಿನ ಮೇಲೆ ಬಿಡಬಾರದು. ನೋವಿನ ವಿಷಯದಲ್ಲಿ ನೆನಪು ದೊಡ್ಡ ಮೋಸಗಾರ. ಇಂದು ನೋಯುತ್ತಿದ್ದರೆ ‘ಯಾವಾಗಲೂ ನೋಯುತ್ತದೆ’ ಅನ್ನಿಸುತ್ತದೆ, ಇಂದು ನೋವಿಲ್ಲದಿದ್ದರೆ ‘ಪೂರ್ತಿ ವಾಸಿಯಾಯಿತು’ ಅನ್ನಿಸುತ್ತದೆ. ಪುಸ್ತಕಕ್ಕೆ ಅಂಥ ಮನಸ್ಸಿಲ್ಲ.

ಐದು ವಾರ ಬರೆದ ಮೇಲೆ ಒಂದು ವಿಚಿತ್ರ ಕಂಡಿತು. ವ್ಯಾಯಾಮ ಮಾಡಿದ ಮರುದಿನ ಬೆಳಿಗ್ಗೆ ನೋವು 1 ಅಥವಾ 2. ಆದರೆ ಪ್ರತಿ ಸೋಮವಾರ ಬೆಳಿಗ್ಗೆ 4. ಭಾನುವಾರ ನಾನು ವ್ಯಾಯಾಮವನ್ನೇ ಮಾಡುತ್ತಿರಲಿಲ್ಲ! ಪುಸ್ತಕವನ್ನು ಮೇಡಂಗೆ ತೋರಿಸಿದೆ. “ಐತವಾರ ಏನು ಮಾಡ್ತಿ?” ಎಂದರು. ಟ್ಯೂಷನ್. ಮೂರು ಗಂಟೆ, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಮುಂದಕ್ಕೆ ಬಾಗಿ ಲೆಕ್ಕ ಬಿಡಿಸುವುದು. ಹಾಗೆ ಕೂತಾಗ ಆ ಸ್ನಾಯು ಮಡಚಿಕೊಂಡೇ ಇರುತ್ತದೆ, ನೊಂದ ಜಾಗ ಒತ್ತಿಕೊಂಡೇ ಇರುತ್ತದೆ. ಮುಂದಿನ ಭಾನುವಾರದಿಂದ ಟ್ಯೂಷನ್ ಮನೆಯವರು ನನಗೆ ಪ್ಲಾಸ್ಟಿಕ್ ಸ್ಟೂಲ್ ಕೊಟ್ಟರು. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುತ್ತಿದ್ದೆ. ಮೂರನೇ ಸೋಮವಾರ 4 ಇದ್ದದ್ದು 1ಕ್ಕೆ ಇಳಿಯಿತು. ಇದನ್ನು ಯಾವ ವೈದ್ಯರಾದರೂ ಹೇಗೆ ಕಂಡುಹಿಡಿಯುತ್ತಿದ್ದರು? ನನ್ನ ಭಾನುವಾರಗಳ ಲೆಕ್ಕ ನನ್ನ ಹತ್ತಿರ ಮಾತ್ರ ಇತ್ತು.

ಜನವರಿಯ ಕೊನೆಯಲ್ಲಿ ಮನೆಯಲ್ಲಿ ಮತ್ತೆ ಅದೇ ಮೃದುವಾದ ಮಾತು ಶುರುವಾಯಿತು. ಪರೀಕ್ಷೆ ಹತ್ತಿರ, ಫಿಸಿಯೋಗೆ ಹೋಗಿಬರುವ ಆಟೋ ಖರ್ಚು, ಎಷ್ಟು ದಿನ ಇದು ಎಂದು. ನಾನು ಏನೂ ಹೇಳಲಿಲ್ಲ. ನೋಟ್‌ಬುಕ್ ತಂದು ಅಬ್ಬಾನ ಮುಂದೆ ಇಟ್ಟೆ. ಅಬ್ಬಾ ಎಪಿಎಂಸಿಯಲ್ಲಿ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುತ್ತಾರೆ. ಮಾತಿಗಿಂತ ಕಾಲಂಗಳನ್ನು ನಂಬುವ ಮನುಷ್ಯ. ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಡಿಸೆಂಬರಿನ 5, 4, 5, 4. ಜನವರಿಯ 3, 2, 2, 1. ಎಡಗಾಲು ಬಲಗಾಲುಗಳ ಬಲದ ವ್ಯತ್ಯಾಸದ ಬಗ್ಗೆ ಮೇಡಂ ಬರೆದಿದ್ದ ಟಿಪ್ಪಣಿ. ಅಷ್ಟನ್ನೂ ಓದಿ, “ಘಾಟಾ ಕಮ್ ಹೋರಾ” ಎಂದರು. ನಷ್ಟ ಕಡಿಮೆಯಾಗುತ್ತಿದೆ. ಆಮೇಲೆ ಅಮ್ಮಿಯ ಕಡೆ ತಿರುಗಿ, ನಷ್ಟ ಕಡಿಮೆಯಾಗುತ್ತಿರುವ ಅಂಗಡಿಯನ್ನು ಯಾರೂ ಮುಚ್ಚುವುದಿಲ್ಲ ಎಂದರು. ಆ ಮಾತು ಅಲ್ಲಿಗೆ ಮುಗಿಯಿತು. ನಾನು ಅತ್ತು ಕೇಳಿದ್ದರೆ ಸಿಗದೇ ಇರಬಹುದಾಗಿದ್ದ ಅನುಮತಿಯನ್ನು ನಾಲ್ಕು ಕಾಲಂ ತಂದುಕೊಟ್ಟವು.

ಆಮೇಲಿನ ದಾರಿ ಉದ್ದ, ಮತ್ತು ನಿಜ ಹೇಳಬೇಕೆಂದರೆ ಬೇಸರದ್ದು. ಕೈಯಿಂದ ಒತ್ತುವುದು ಮುಗಿದ ಮೇಲೆ ಎರಡು ಪಾದಗಳಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು, ಅಂಗಾತ ಮಲಗಿ, ಒಂದೊಂದೇ ಮಂಡಿಯನ್ನು ಎದೆಯ ಕಡೆ ಎಳೆದು, ಅದಕ್ಕಿಂತ ನಿಧಾನವಾಗಿ ಕೆಳಗಿಳಿಸುವುದು. ಎಳೆಯುವುದಕ್ಕಿಂತ ಇಳಿಸುವುದೇ ಮುಖ್ಯ, ಸ್ನಾಯು ಉದ್ದವಾಗುತ್ತಾ ಭಾರ ಹೊರುವುದನ್ನು ಕಲಿಯುವುದು ಆಗಲೇ ಎಂದು ಮೇಡಂ ಹೇಳಿದ್ದರು. ಅದರ ಜೊತೆ ಹಿಂಭಾಗದ ಮತ್ತು ಪಕ್ಕದ ಸ್ನಾಯುಗಳಿಗೂ ಕೆಲಸ: ಮಲಗಿ ಸೊಂಟ ಎತ್ತಿ ಸೇತುವೆ ಮಾಡುವುದು, ಮಗ್ಗುಲಾಗಿ ಮಲಗಿ ಕಾಲೆತ್ತುವುದು. ಓಡುವಾಗ ಒಂದು ಹೊತ್ತಿಗೆ ಒಂದೇ ಕಾಲು ನೆಲದ ಮೇಲಿರುತ್ತದೆ. ಆ ಕ್ಷಣ ಇಡೀ ದೇಹ ಪಕ್ಕಕ್ಕೆ ವಾಲದಂತೆ ಹಿಡಿಯುವುದು ಪಕ್ಕದ ಸ್ನಾಯು. ಅದು ಸೋತರೆ ಮುಂದಿನ ಸ್ನಾಯುವಿನ ಮೇಲೆ ಹೊರೆ ಬೀಳುತ್ತದೆ. ದಿನ ಬಿಟ್ಟು ದಿನ ಇಷ್ಟು. ನಡುವಿನ ದಿನ ಬರೀ ನಡಿಗೆ.

ರಂಜಾನ್ ತಿಂಗಳಲ್ಲಿ ಮೇಡಂ ಏನನ್ನೂ ಹೆಚ್ಚಿಸಲಿಲ್ಲ. ಇಫ್ತಾರ್ ಆಗಿ, ಊಟ ಇಳಿದ ಮೇಲೆ, ಇದ್ದಷ್ಟನ್ನೇ ಮಾಡುವುದು. ಗಾಯವಾದ ಹೊಸದರಲ್ಲಿ ಕುರ್ಚಿಯ ಮೇಲೆ ಕೂತು ನಮಾಜ್ ಮಾಡುತ್ತಿದ್ದೆ, ಕಾಯಿಲೆಯವರಿಗೆ ಆ ಸವಲತ್ತು ಇದ್ದೇ ಇದೆ. ಈ ತಿಂಗಳಲ್ಲಿ ಮತ್ತೆ ನೆಲಕ್ಕೆ ಬಂದೆ. ದಿನದ ಐದು ಹೊತ್ತಿನ ಫರ್ಜ್ ನಮಾಜ್ ಸೇರಿ 17 ರಕಾತ್, ರಕಾತಿಗೆ ಎರಡರಂತೆ 34 ಸಜ್ದಾ. ಏಳುವಾಗ ಬಲಗಾಲು ಒಂದು ಸಲವೂ ಚಿಟ್ಟೆನ್ನಲಿಲ್ಲ. ಆ ದಿನದ ಕಾಲಂನಲ್ಲಿ 0 ಬರೆದೆ. ಅದು ನನ್ನ ಪುಸ್ತಕದ ಮೊದಲ ಸೊನ್ನೆ.

ಏಪ್ರಿಲ್‌ನಲ್ಲಿ ಓಟ ಶುರುವಾಯಿತು. ಓಟ ಎಂದರೆ ಒಂದು ನಿಮಿಷ ಓಡುವುದು, ಎರಡು ನಿಮಿಷ ನಡೆಯುವುದು, ಹೀಗೆ ಎಂಟು ಸಲ. ವಿಜಯಪುರದ ಬಿಸಿಲು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಆರಕ್ಕೆ ಮುಂಚೆ ಮೈದಾನಕ್ಕೆ ಹೋಗಿ ಏಳಕ್ಕೆ ಮುಂಚೆ ಮನೆಗೆ ಬರಬೇಕು. ಪಕ್ಕದಲ್ಲಿ ವಾಕಿಂಗ್ ಬರುವ ಅಜ್ಜಂದಿರು ನನ್ನನ್ನು ದಾಟಿ ಹೋಗುತ್ತಿದ್ದರು. ವಾರಕ್ಕೊಮ್ಮೆ ಓಟ ಒಂದು ನಿಮಿಷ ಹೆಚ್ಚಬೇಕು, ಅದೂ ಬೆಳಗಿನ ಅಂಕಿ ಒಪ್ಪಿದರೆ ಮಾತ್ರ. ಎರಡು ವಾರ ಒಪ್ಪಲಿಲ್ಲ, ಹೆಚ್ಚಿಸಲಿಲ್ಲ. ಏರು ರಸ್ತೆಯ ಓಟ ಮತ್ತು ವೇಗದ ಓಟ ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಅವುಗಳಲ್ಲಿ ಮಂಡಿ ಹೆಚ್ಚು ಮೇಲೇಳಬೇಕು. ಮೇ ತಿಂಗಳಲ್ಲಿ ಸೊಲ್ಲಾಪುರದಿಂದ ಬಂದ ಅಣ್ಣ ತಂಗಿಯರನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ಏಳು ಅಂತಸ್ತಿನ ಗೋಪುರದೊಳಗಿನ ಆ ಕಿರಿದಾದ, ಎತ್ತರದ ಮೆಟ್ಟಿಲುಗಳನ್ನು ಹತ್ತುವಾಗ ಅವರು ನಡುವೆ ನಿಂತು ಏದುಸಿರು ಬಿಡುತ್ತಿದ್ದರು. ನಾನು ಬಲಗಾಲನ್ನೇ ಮುಂದಿಟ್ಟು ಹತ್ತಿದೆ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಅವರು ತಮ್ಮ ತಮ್ಮ ಹೆಸರು ಕೂಗಿ ಪ್ರತಿಧ್ವನಿ ಕೇಳುತ್ತಿದ್ದರೆ ನಾನು ಮನಸ್ಸಿನಲ್ಲಿ ಮರುದಿನದ ಅಂಕಿ ಊಹಿಸುತ್ತಿದ್ದೆ. 1 ಬಂತು.

ಈ ತಿಂಗಳುಗಳಲ್ಲಿ ನನಗೆ ಧೈರ್ಯ ಕೊಟ್ಟ ಇಬ್ಬರ ಬಗ್ಗೆ ಹೇಳಬೇಕು. ಒಬ್ಬರು ನೀರಜ್ ಚೋಪ್ರಾ. 2024ರ ಆಗಸ್ಟ್ 8ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 89.45 ಮೀಟರ್ ಎಸೆದು ಬೆಳ್ಳಿ ಗೆದ್ದ ಮೇಲೆ, ತೊಡೆಸಂದಿನ ನೋವು ತನ್ನನ್ನು ಕಾಡುತ್ತಿದೆ ಎಂದು ಅವರು ಇಡೀ ದೇಶದ ಮುಂದೆ ಹೇಳಿದರು. ನನಗೆ ಬೆಳ್ಳಿಗಿಂತ ಆ ಮಾತು ದೊಡ್ಡದಾಗಿ ಕಂಡಿತು. ಒಲಿಂಪಿಕ್ ಪದಕ ಗೆದ್ದವರು ಮೈಕ್ ಮುಂದೆ ಹೇಳಬಹುದಾದ ಪದವನ್ನು ನಾನು ನನ್ನ ಮನೆಯಲ್ಲಿ ಹೇಳಬಾರದೇ? ಇನ್ನೊಬ್ಬರು ನನ್ನದೇ ದೂರದ ಓಟಗಾರ, ಕೇರಳದ ಜಿನ್ಸನ್ ಜಾನ್ಸನ್. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 1500 ಮೀಟರ್ ಚಿನ್ನ, 2019ರಲ್ಲಿ ಬರ್ಲಿನ್‌ನಲ್ಲಿ 3 ನಿಮಿಷ 35.24 ಸೆಕೆಂಡಿನ ರಾಷ್ಟ್ರೀಯ ದಾಖಲೆ. ಅದರ ಬೆನ್ನಿಗೇ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನ ಗಾಯ. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು, ಟೋಕಿಯೋ ಒಲಿಂಪಿಕ್ಸ್ ಕೂಡ ತಪ್ಪಿತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದೇ 1500 ಮೀಟರಿನಲ್ಲಿ ಅವರು ಕಂಚು ಗೆದ್ದರು. ಚಿನ್ನದಿಂದ ಕಂಚಿಗೆ ಇಳಿದರು ಎನ್ನುವವರೂ ಇರಬಹುದು. ಐದು ವರ್ಷದ ನಂತರವೂ ಅದೇ ಗೆರೆಯ ಮೇಲೆ ಬಂದು ನಿಂತರು ಎಂದು ನಾನು ಓದಿಕೊಂಡೆ.

ಈ ವರ್ಷದ ಕ್ರೀಡಾಕೂಟದ ಫಲಿತಾಂಶ ನಿಮಗೆ ನೋಟಿಸ್ ಬೋರ್ಡಿನಲ್ಲಿ ಸಿಕ್ಕಿರುತ್ತದೆ. ತಾಲ್ಲೂಕಿನಲ್ಲಿ ಎರಡನೇ ಸ್ಥಾನ, 5 ನಿಮಿಷ 58 ಸೆಕೆಂಡು, ಕಳೆದ ವರ್ಷಕ್ಕಿಂತ ಆರು ಸೆಕೆಂಡು ತಡ. ಜಿಲ್ಲೆಯಲ್ಲಿ ಐದನೇ ಸ್ಥಾನ, 5 ನಿಮಿಷ 55 ಸೆಕೆಂಡು. ರಾಜ್ಯ ಮಟ್ಟಕ್ಕೆ ಹೋಗಲಿಲ್ಲ. ಪಿಯು ವಿದ್ಯಾರ್ಥಿನಿಯಾಗಿ ಅಲ್ಲಿ ಓಡುವ ಅವಕಾಶ ಇನ್ನು ನನಗೆ ಸಿಗುವುದೂ ಇಲ್ಲ. ಅದಕ್ಕೆ ದುಃಖವಿಲ್ಲ ಎಂದು ಬರೆದರೆ ನೀವು ನಂಬಬೇಡಿ. ಆದರೆ ನೋಟಿಸ್ ಬೋರ್ಡಿನಲ್ಲಿ ಬರದ ಒಂದು ಫಲಿತಾಂಶ ನನ್ನ ಪುಸ್ತಕದಲ್ಲಿದೆ. ಜಿಲ್ಲಾ ಕೂಟದ ಮರುದಿನ ಬೆಳಿಗ್ಗೆ: 0. ಅದರ ಮರುದಿನ: 0. ಪುಟ ಮುಗಿದಿತ್ತು, ಲೆಕ್ಕ ಬರೆಯುವವರು ಮಾಡುವಂತೆ ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ದೆ. ಪದವಿ ಕಾಲೇಜಿನಲ್ಲಿ ಓಡುತ್ತೇನೆ. ಮನೆಯಲ್ಲಿ ಈಗ ಇದು ಪ್ರಶ್ನೆಯಲ್ಲ. ಇತ್ತೀಚೆಗೆ ದಾದಿಗೆ ಮಂಡಿ ನೋವು ಬಂದಾಗ ಅಮ್ಮಿ ಅವರಿಗೆ ಹೇಳಿದ ಮೊದಲ ಮಾತು, “ಏಕ್ ಉಂಗ್ಲಿ ಸೇ ದಿಖಾವ್.” ಒಂದು ಬೆರಳಿನಿಂದ ತೋರಿಸಿ.

ಜೂನಿಯರ್‌ಗಳೇ, ನಿಮಗೆ ನನ್ನ ಮಾತು ಇಷ್ಟೇ. ನೋವು ಬಂದರೆ ‘ಕಾಲು ನೋವು’, ‘ಸೊಂಟ ನೋವು’ ಎಂದು ನಿಲ್ಲಿಸಬೇಡಿ. ಎಲ್ಲಿ, ಯಾವ ಕೆಲಸ ಮಾಡುವಾಗ, ಹತ್ತಕ್ಕೆ ಎಷ್ಟು, ಮರುದಿನ ಬೆಳಿಗ್ಗೆ ಎಷ್ಟು, ಇವು ನಾಲ್ಕನ್ನೂ ಹೇಳಿ. ಅಸ್ಪಷ್ಟವಾಗಿ ಹೇಳಿದ ನೋವಿಗೆ ಅನುಕಂಪ ಸಿಗುತ್ತದೆ, ಸ್ಪಷ್ಟವಾಗಿ ಹೇಳಿದ ನೋವಿಗೆ ಚಿಕಿತ್ಸೆ ಸಿಗುತ್ತದೆ. ರಾತ್ರಿ ನೋಯುತ್ತಿದ್ದರೆ, ಕುಪ್ಪಳಿಸಿದರೆ ನೋಯುತ್ತಿದ್ದರೆ ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಹೋಗಿ. ನನಗೆ ಹೇಳಿಕೊಟ್ಟ ವ್ಯಾಯಾಮ ನನ್ನ ಗಾಯಕ್ಕೆ ಕೊಟ್ಟದ್ದು, ನಿಮ್ಮದಕ್ಕೆ ಬೇರೆಯೇ ಬೇಕಾಗಬಹುದು.

ಕೊನೆಯದಾಗಿ ನಮ್ಮ ಕಾಲೇಜಿಗೆ ಒಂದು ವಿನಂತಿ. ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಮನುಷ್ಯನ ಸ್ನಾಯುಗಳ ಒಂದು ದೊಡ್ಡ ಚಿತ್ರಪಟ ಇದೆ. ಅಂಥದ್ದೇ ಒಂದನ್ನು, ಭಾಗಗಳ ಹೆಸರು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು, ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಯಲ್ಲಿ ತೂಗುಹಾಕಬೇಕು. ಬಾಯಿಂದ ಹೇಳಲು ಸಂಕೋಚಪಡುವ ಹುಡುಗಿ ಅದರ ಮೇಲೆ ಬೆರಳಾದರೂ ಇಡಬಹುದು. ಉರ್ದು ಹೆಸರುಗಳನ್ನು ಬರೆದುಕೊಡಲು ನಾನು ಸಿದ್ಧ. ‘ಕೂಲ್ಹಾ’ ಸೇರಿಸಿಯೇ ಬರೆಯುತ್ತೇನೆ.